ಹುನಗುಂದದ ಮಾಡದೊಳಗಿನ ಸೆಟ್ಟು

ಸುಮಾ, ಈರಣ್ಣ,

ಮೊನ್ನೆ ನೀವಿಬ್ಬರೂ ಕೂಡಿ ನವನಗರದ ಒಂದು ಮನೆಯಲ್ಲಿ ಹೋಮ್ ಥಿಯೇಟರ್ ಕೂಡಿಸಿ ಬಂದು ಫೋನಿನಲ್ಲಿ ಫೋಟೊ ತೋರಿಸಿದಿರಿ. ಗಾಜಿನ ಬಾಗಿಲಿನ ಕಪಾಟು, ಒಳಗೆ ಆಂಪ್ಲಿಫಾಯರ್. ಅದರ ಬೆನ್ನು ಗೋಡೆಗೆ ಹತ್ತಿಕೊಂಡಿತ್ತು, ತಲೆಯ ಮೇಲೆ ಇನ್ನೊಂದು ಪೆಟ್ಟಿಗೆ ಕೂತಿತ್ತು. "ಆಯಿ, ಹೆಂಗೈತಿ?" ಎಂದು ಕೇಳಿದಿರಿ. ನಾನು "ಚಂದ ಐತಿ" ಎಂದೆ. ನನ್ನ ಎದೆ ಧಸಕ್ಕೆಂದದ್ದು ನಿಮಗೆ ಕಾಣಲಿಲ್ಲ. ಎದುರಿಗೆ ನಿಂತು ಇನ್ನೊಬ್ಬರ ಕೆಲಸದಲ್ಲಿ ಹುಳುಕು ತೆಗೆಯಲು ನನಗೆ ಮೊದಲಿನಿಂದಲೂ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಕ್ಕಟ್ಟಿನಲ್ಲಿಟ್ಟರೆ ಹಾಡಿನ ಸೆಟ್ಟು ಕಾಯುತ್ತದೆ, ಕಾದರೆ ಕೆಡುತ್ತದೆ, ಕೆಟ್ಟರೆ ರಿಪೇರಿ ಮಾಡಿದರಾಯಿತು ಎಂದು ನೀವು ತಿಳಿದಿರಬಹುದು. ಹುನಗುಂದದ ಒಂದು ಮನೆಯಲ್ಲಿ ಹಾಗೆ ಕಾದ ಸೆಟ್ಟಿನಿಂದಾಗಿ ಹೊಸ ಸೊಸೆಯನ್ನು ತವರಿಗೆ ಅಟ್ಟಲು ನಿಂತಿದ್ದರು. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ಆ ಮನೆಗೆ ಹೋಗುವ ಮುಂಚೆ ಇನ್ನೂ ಎರಡು ಮೂರು ಮನೆ ಹಾದು ಹೋಗೋಣ. ಇಲ್ಲದಿದ್ದರೆ ಅಲ್ಲಿ ನನಗೇಕೆ ಮಾತೇ ಹೊರಡಲಿಲ್ಲ ಎಂಬುದು ನಿಮಗೆ ತಿಳಿಯಲಿಕ್ಕಿಲ್ಲ.

ನಾನು ಬೇವೂರಿನ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ನನ್ನ ಗಂಡ, ಅಂದರೆ ನಿಮ್ಮ ಮುತ್ಯಾ, ಇಳಕಲ್ಲಿನಲ್ಲಿ ರೇಡಿಯೊ, ಟೇಪು ರಿಪೇರಿ ಮಾಡುತ್ತಿದ್ದರು. ಅವರ ಪಕ್ಕದಲ್ಲಿ ಕೂತು ಬೆಸುಗೆ ಹಾಕುವುದನ್ನು ಕಲಿತೆ. ಗಿರಾಕಿ ಬಂದರೆ ಎದ್ದು ಪರದೆಯ ಹಿಂದೆ ಹೋಗಿಬಿಡುತ್ತಿದ್ದೆ, ಅಷ್ಟು ನಾಚಿಕೆ. ಅವರು ತೀರಿಕೊಂಡ ಮೇಲೆ ಪರದೆಯ ಹಿಂದೆ ಕೂತರೆ ನಡೆಯುವಂತಿರಲಿಲ್ಲ. ಬಾಗಲಕೋಟೆಯಲ್ಲಿ ಸ್ಟೀರಿಯೊ ಸೆಟ್ಟು ಮಾರುತ್ತಿದ್ದ ಸಂಗಪ್ಪ ಸಾವಕಾರರು ದುಃಖದಲ್ಲಿ ಮಾತನಾಡಿಸಲು ಬಂದವರು, ಹೊಸ್ತಿಲ ಮೇಲೆ ನಿಂತೇ ಕೆಲಸದ ಮಾತು ತೆಗೆದರು.

"ನೋಡ್ರಿ ತಂಗಿ, ಗಂಡಸ್ರು ಕೆಲಸಕ್ಕ ಹೋದ ಹೊತ್ತಿನ್ಯಾಗ ನಮ್ಮ ಹುಡುಗ್ರು ಸೆಟ್ ಕೂಡಸಾಕ ಹೋದ್ರ ಹೆಣ್ಮಕ್ಕಳು ಬಾಗಲಾ ತಗ್ಯಾಂಗಿಲ್ಲ. ನೀವಾದ್ರ ಅಡಗಿ ಮನಿತನಕ ಕರಕೊಂಡ ಹೋಗ್ತಾರ."

ಖರೆ ಮಾತು. ಅಡುಗೆ ಮನೆಯವರೆಗೂ ಕರೆದುಕೊಂಡು ಹೋದರು. ಅಲ್ಲಿ ಕಂಡದ್ದನ್ನು ನೋಡಿ ದಂಗಾಗುವುದೇ ನನ್ನ ನೌಕರಿಯಾಯಿತು.

ಬಾದಾಮಿಯಲ್ಲಿ ಒಂದು ಮನೆಯವರು ಸೆಟ್ಟು ಕೆಟ್ಟಿದೆ ಎಂದು ಹೇಳಿಕಳಿಸಿದ್ದರು. ಹೋದೆ. ಚಳಿಗಾಲ. ಆಂಪ್ಲಿಫಾಯರ್ ಮೇಲೆ ಒಂದು ಮಣ್ಣಿನ ಗಡಿಗೆ, ಅದಕ್ಕೆ ತಾಟು ಮುಚ್ಚಿ, ಸುತ್ತ ಹಳೆಯ ಧೋತರ ಸುತ್ತಿದ್ದರು.

"ಇದೇನ್ರಿ ಅಕ್ಕಾರ?"

"ಹಾಲಿಗೆ ಹೆಪ್ಪ ಹಾಕೇನ್ರಿ. ಥಂಡಿ ದಿನದಾಗ ಮಸರ ಕೂಡಂಗಿಲ್ಲ. ಇದರ ಮ್ಯಾಲಿಟ್ಟು ನಾಕ ಹಾಡ ಹಚ್ಚಿದ್ರ, ಚಾಕುಲೆ ಕೊಯ್ಯಬೇಕು, ಅಂಥಾ ಮಸರ!"

"ಮತ್ತ ಕೆಟ್ಟೈತಿ ಅಂದ್ರೆಲ್ಲ?"

"ಹಾಡ ಬರವಲ್ದು. ಮಸರೇನ ಮೊನ್ನಿತನಕ ಚಲೋನ ಆಗ್ತಿತ್ತು."

ಮುಚ್ಚಳ ಬಿಚ್ಚಿದೆ. ಗಡಿಗೆಯಿಂದ ಜಿನುಗಿದ ಹಾಲು ಒಳಗೆ ಇಳಿದು ಕಂದುಗಟ್ಟಿತ್ತು. ತಾಮ್ರದ ಗೆರೆಗಳೆಲ್ಲ ಹಸಿರಾಗಿದ್ದವು, ಇರುವೆಗಳು ಸಾಲುಗಟ್ಟಿ ಹರಿಯುತ್ತಿದ್ದವು. ಕರೆಂಟು ಹರಿಯುವ ಪೆಟ್ಟಿಗೆಯ ಮೇಲೆ ಹಾಲಿನ ಗಡಿಗೆ! ಆ ಅಕ್ಕನಿಗೆ ಮಾತ್ರ ಅದು ಇನ್ನೊಂದು ಒಲೆ ಇದ್ದ ಹಾಗೆ. "ರಿಪೇರಿ ಆದಮ್ಯಾಲೆ ಮೊದಲಿನಷ್ಟ ಬೆಚ್ಚಗ ಆಗ್ತೈತಿಲ್ರಿ?" ಎಂದು ಕೇಳಿ ನನ್ನನ್ನು ಬೀಳ್ಕೊಟ್ಟಳು.

ಗುಳೇದಗುಡ್ಡದ ಮನೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕುಪ್ಪಸದ ಖಣ ನೇಯುವವರ ಮನೆ. ಮಗ್ಗವೇ ಅರ್ಧ ಮನೆ ತುಂಬಿತ್ತು. ಉಳಿದ ಅರ್ಧದಲ್ಲಿ ಅಡುಗೆ, ಊಟ, ನಿದ್ದೆ. ನೇಯುತ್ತ ಹಾಡು ಕೇಳಬೇಕೆಂದು ಸೆಟ್ಟನ್ನು ಮಗ್ಗದ ಬುಡಕ್ಕೇ ತುರುಕಿದ್ದರು, ಕಾಲು ಚಾಚಿದರೆ ತಾಗುವಷ್ಟು ಹತ್ತಿರ. ಸುಟ್ಟ ವಾಸನೆ ಬರುತ್ತದೆ ಎಂದು ಕರೆದಿದ್ದರು. ಮುಚ್ಚಳ ತೆಗೆದಾಗ ಒಳಗೆ ಏನೂ ಕಾಣಲಿಲ್ಲ. ಕಂಡದ್ದು ಬರೀ ಅರಳೆ. ನೂಲಿನಿಂದ ಉದುರಿದ ನಯವಾದ ಧೂಳು ಕಂಬಳಿಯ ಹಾಗೆ ದಪ್ಪಗೆ ಕೂತಿತ್ತು. ಬಿಸಿ ಹೊರಹಾಕಲೆಂದು ಇರುವ ಅಲ್ಯೂಮಿನಿಯಂ ರೆಕ್ಕೆಗಳು ಅದರಲ್ಲಿ ಹೂತುಹೋಗಿದ್ದವು. ಅರಳೆಯನ್ನು ಬೆರಳಿನಿಂದ ಎತ್ತಿದೆ. ಅಡಿಯಲ್ಲಿ ಅಂಗೈಯಗಲ ಕಪ್ಪಗೆ ಕರಕಾಗಿತ್ತು.

ಪಕ್ಕದಲ್ಲೇ ಮಗ್ಗದ ಮೇಲೆ ರೇಷ್ಮೆಯ ಹಾಸು ಬಿಗಿದಿತ್ತು. ತೊಟ್ಟಿಲು ಅದರ ಆಚೆ. ನಾನು ನೇಕಾರ ಅಣ್ಣನಿಗೆ ಆ ಕರಕನ್ನು ತೋರಿಸಿದೆ. ಅವನು ನೋಡಿದ, ತೊಟ್ಟಿಲು ನೋಡಿದ, ಮತ್ತೆ ಕರಕನ್ನು ನೋಡಿದ. "ಯಪ್ಪಾ" ಎಂದು ಅಲ್ಲೇ ಕೂತುಬಿಟ್ಟ.

ಸೆಟ್ಟನ್ನು ಎತ್ತಿ ಎದುರು ಗೋಡೆಯಲ್ಲಿ ತಲೆಯ ಮಟ್ಟಕ್ಕೆ ಹಲಗೆ ಹೊಡೆಸಿ ಇಟ್ಟೆವು. ಅರಳೆ ಕೆಳಗೆ ಹಾರಾಡುತ್ತದೆ, ಮೇಲೆ ಕಡಿಮೆ. ಸ್ಪೀಕರುಗಳನ್ನು ಎಲ್ಲಿ ಬೇಕಾದರೂ ತುರುಕಬಹುದು, ಅವು ಕಾಯುವುದಿಲ್ಲ. ಆಂಪ್ಲಿಫಾಯರಿಗೆ ಮಾತ್ರ ಮೇಲೆ ಒಂದು ಗೇಣು, ಹಿಂದೆ ಮತ್ತು ಮಗ್ಗುಲಿಗೆ ನಾಲ್ಕು ಬೆರಳು ಬಿಡಲೇಬೇಕು. ಇಕ್ಕಟ್ಟಿನ ಮನೆಯಲ್ಲಿ ಗೇಣಗಲ ಜಾಗ ಎಂದರೆ ಎಷ್ಟು ದೊಡ್ಡದೆಂದು ನನಗೆ ಗೊತ್ತು. ಅಲ್ಲಿ ಒಂದು ಹಿಟ್ಟಿನ ಡಬ್ಬಿ ಕೂಡುತ್ತದೆ. ಆದರೂ ಬಿಡಬೇಕು.

ಆ ಮನೆಯಲ್ಲೇ ನಾನು ಒಂದು ಉಪಾಯ ಕಲಿತೆ. ನೇಕಾರನ ಹೆಂಡತಿ ದೇವರಿಗೆ ಊದುಬತ್ತಿ ಹಚ್ಚಿದಳು. ಅದರ ಹೊಗೆ ಸೆಟ್ಟಿನ ಕೆಳಗಿನಿಂದ ನುಗ್ಗಿ ಮೇಲಿನ ಸೀಳುಗಳಿಂದ ಸಣ್ಣಗೆ ಹೊರಗೆ ಬಂತು. ಗಾಳಿ ಎಲ್ಲಿಂದ ಹೋಗಿ ಎಲ್ಲಿಂದ ಬರುತ್ತದೆ ಎಂಬುದು ಕಣ್ಣಿಗೇ ಕಂಡಿತು! ಅಂದಿನಿಂದ ನನ್ನ ಚೀಲದಲ್ಲಿ ಊದುಬತ್ತಿ ಇಟ್ಟುಕೊಂಡೆ. ಸೆಟ್ಟು ಕೂಡಿಸಿದ ಮೇಲೆ ಒಂದು ಕಡ್ಡಿ ಹಚ್ಚಿ ಹಿಡಿಯುವುದು. ಹೊಗೆ ಮೇಲಿಂದ ಹೊರಬಿದ್ದರೆ ಸೆಟ್ಟು ಉಸಿರಾಡುತ್ತಿದೆ. ಅಲ್ಲೇ ಸುತ್ತುತ್ತ ನಿಂತರೆ ಜಾಗ ಬದಲಿಸಬೇಕು.

ನವನಗರದ ಮಾತು ಬೇರೆ. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾಗಿ ಜನ ಅಲ್ಲಿಂದ ಎದ್ದು ಬಂದಾಗ, ದೊಡ್ಡ ಮನೆಯ ಸಾಮಾನೆಲ್ಲ ಸಣ್ಣ ಮನೆಗಳಿಗೆ ಬಂತು. ಸೆಟ್ಟಿಗೆ ಎಲ್ಲರೂ ಬಡಿಗನಿಂದ ಶೋಕೇಸು ಮಾಡಿಸತೊಡಗಿದರು. ನಮ್ಮ ಸಾವಕಾರರದು ಒಂದೇ ಹಟ. "ಬೆನ್ನು ಗ್ವಾಡಿಗೆ ಹಚ್ರಿ. ವಾಯರ್ ಕಾಣಬಾರ್ದು. ಚಂದ ಕಾಣಲಿಲ್ಲಂದ್ರ ಬಾಜೂ ಮನಿಯಾವ್ರು ನಮ್ಮ ಅಂಗಡಿಗೆ ಯಾಕ ಬರ್ತಾರ?" ನಾನು ಎದುರು ಮಾತಾಡುತ್ತಿರಲಿಲ್ಲ. ಅವರು ಹೋದ ಮೇಲೆ ಸೆಟ್ಟನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದು ಬರುತ್ತಿದ್ದೆ.

ಒಂದು ದಿನ ಒಬ್ಬ ಬಡಿಗನಿಗೆ ಶೋಕೇಸಿನ ಹಿಂದಿನ ಹಲಗೆಯಲ್ಲಿ ಮೇಲೆರಡು ಕೆಳಗೆರಡು ತೂತು ಕೊರೆಯಲು ಹೇಳಿದೆ. ಅವನು ಉಳಿ ಕೆಳಗಿಟ್ಟ.

"ಹೊಸಾ ಶೋಕೇಸಿಗೆ ತೂತು? ಲಗ್ನದ ಸೀರಿಗೆ ತ್ಯಾಪಿ ಹಚ್ಚಿದಂಗಾತು. ನಾ ಹಚ್ಚಾಂವಲ್ಲ."

ಸಾವಕಾರರೂ ಅವನ ಪರ. ಸೆಟ್ಟು ಒಳಗಿಟ್ಟು ಗಾಜಿನ ಬಾಗಿಲು ಮುಚ್ಚಿ ಹಾಡು ಹಚ್ಚಿದರು. ಚಹಾ ಬಂತು, ಊರ ಮಾತು ಬಂತು. ನಡುವೆ ಸೆಟ್ಟು ಗಪ್ಪಾಯಿತು. ಸಾವಕಾರರು ಬಾಗಿಲು ತೆರೆದು ಅದರ ಮೇಲೆ ಕೈ ಇಟ್ಟರು. ಇಟ್ಟ ಕೈ ಹಾಗೇ ಚಹಾದ ಬಸಿಗೆ ಹೊಡೆದು ಬಸಿ ಒಡೆಯಿತು. "ಅಯ್ಯಯ್ಯಪ್ಪಾ! ಇದೇನ ಸೆಟ್ಟೋ ರೊಟ್ಟಿ ಹಂಚೋ?" ಎಂದವರು ಬಡಿಗನ ಕಡೆ ತಿರುಗಿ, "ನಿಂತ ಏನ ನೋಡಾಕತ್ತೀಯಲೇ, ತೂತ ಹೊಡಿ!" ಎಂದರು. ಹೆಚ್ಚು ಬಿಸಿಯಾದರೆ ತಾನೇ ಬಂದಾಗುವ ವ್ಯವಸ್ಥೆ ಆಗಿನ ಒಳ್ಳೆಯ ಸೆಟ್ಟುಗಳಲ್ಲೂ ಇತ್ತು. ತಣ್ಣಗಾದ ಮೇಲೆ ಮತ್ತೆ ಹಾಡುತ್ತದೆ. ಈ ಸಂಗತಿ ನೆನಪಿಡಿ. ಹುನಗುಂದದಲ್ಲಿ ಎಲ್ಲ ಅನರ್ಥಕ್ಕೂ ಇದೇ ಕಾರಣವಾಯಿತು.

ಹುನಗುಂದದ ಆ ಸೆಟ್ಟು ಸೊಸೆಯ ತವರಿನವರು ಕೊಟ್ಟದ್ದು. ಸೊಸೆಯ ಹೆಸರು ನೀಲಾ, ನಮ್ಮ ಬೇವೂರಿನ ಹುಡುಗಿ. ಅವಳ ಗಂಡ ಬಸು ಗ್ರಾನೈಟ್ ಕಲ್ಲಿನ ಕೆಲಸಕ್ಕೆ ಹೋಗುತ್ತಿದ್ದ. ಅವನು ಸೆಟ್ಟನ್ನು ಎರಡು ಸಲ ಅಂಗಡಿಗೆ ಹೊತ್ತು ತಂದಿದ್ದ. ಅಂಗಡಿಯಲ್ಲಿ ಇಡೀ ದಿನ ಹಾಡಿದರೂ ಅದಕ್ಕೆ ಏನೂ ಆಗುತ್ತಿರಲಿಲ್ಲ. ಮೂರನೆಯ ಸಲ ಸೆಟ್ಟಿಲ್ಲದೆ ಒಬ್ಬನೇ ಬಂದ.

"ನೀವ ಮನಿಗೆ ಬಂದು ನೋಡ್ರಿ ಅಕ್ಕಾರ. ನಸುಕಿನ್ಯಾಗ ಅವ್ವ ವಚನಾ ಹಚ್ಚತಾಳ, ಹಾಡ್ತೈತಿ. ಸೂಟಿ ದಿನ ಮಧ್ಯಾಹ್ನ ನಾ ಹಚ್ಚತೇನಿ, ಹಾಡ್ತೈತಿ. ನಮ್ಮಾಕಿ ಕೆಲಸಾ ಬೊಗಸಿ ಮುಗಿಸಿ ಸಂಜಿಕ ಹಚ್ಚಿದ್ರ ಒಂದ ಹಾಡಿಗೆ ಗಪ್." ಆಮೇಲೆ ದನಿ ಇಳಿಸಿದ. "ಮನ್ಯಾಗ ಬ್ಯಾರೆ ಮಾತ ನಡದಾವ್ರಿ. ಆಕಿ ಕಾಲ್ಗುಣ ಅಂತ."

"ನೀವೇನಂತೀರಿ?"

"ನಾ ಏನ ಅನ್ಲಿ? ಅವ್ವನ ಮುಂದ ಏನ ಅನ್ನಾಕ ಬರ್ತೈತಿ?"

ಮರುದಿನ ಹೋದೆ. ನಾನು ಮುಟ್ಟುವ ಹೊತ್ತಿಗೆ ಹೊತ್ತು ಇಳಿಯುತ್ತಿತ್ತು. ಪಡಸಾಲೆಯಲ್ಲಿ ನೀಲಾಳ ಅಪ್ಪ ಕೂತಿದ್ದರು. ಕಂಬದ ಬುಡದಲ್ಲಿ ಒಂದು ಬಟ್ಟೆಯ ಚೀಲ ಕಟ್ಟಿಟ್ಟಿತ್ತು. ನೀಲಾ ಬಾಗಿಲ ಮರೆಯಲ್ಲಿ ಸೆರಗು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಓಣಿಯ ಇಬ್ಬರು ಹೆಂಗಸರು ಕಟ್ಟೆಯಿಂದ ಒಳಗೆ ಇಣುಕುತ್ತಿದ್ದರು. ಅವಳ ಅತ್ತೆ ಗಂಗವ್ವ ನನಗೆ ನೀರು ಕೊಟ್ಟು, ಕೂಡಲು ಚಾಪೆ ಹಾಕಿ, ಆಮೇಲೆ ಹೇಳಿದರು:

"ಬೀಗ್ರನ್ನೂ ಕರಿಸೇನಿ. ನೀವು ತಿಳಿದಾವ್ರದೀರಿ, ನೋಡಿ ಒಂದ ಮಾತ ಹೇಳಿಬಿಡ್ರಿ. ಸೆಟ್ಟಿನ್ಯಾಗ ದೋಷ ಐತೋ, ಮುಟ್ಟಾಕಿ ಕೈಯಾಗ ದೋಷ ಐತೋ. ಎಲ್ಲಾರ ಮುಂದ ಇತ್ಯರ್ಥ ಆಗ್ಲಿ."

ತಂತಿ ನೋಡಲು ಬಂದವಳನ್ನು ಪಂಚಾಯ್ತಿಗೆ ಕೂಡಿಸಿದ್ದರು! ಒಂದೂ ಮಾತಾಡದೆ ಸೆಟ್ಟಿನ ಹತ್ತಿರ ಹೋದೆ. ಹಳೆಯ ಕಲ್ಲು ಮಣ್ಣಿನ ಮನೆ, ಮೊಳದಗಲದ ಗೋಡೆ. ಆ ಗೋಡೆಯೊಳಗೆ ದೀಪ ಇಡಲು ಕೊರೆದ ಗೂಡಿನಂಥ ಮಾಡ. ಇದ್ದ ಜಾಗದಲ್ಲಿ ಒಳ್ಳೆಯದನ್ನೇ ಹುಡುಕಿ ಸೆಟ್ಟನ್ನು ಅಲ್ಲಿ ಕೂಡಿಸಿದ್ದರು. ನೀಲಾಳ ತಾಯಿ ಹೊಲಿದು ಕೊಟ್ಟ ಖಣದ ಗವಸು ಅದಕ್ಕೆ, ಗುಂಡಿಗಳ ಜಾಗದಲ್ಲಿ ಮಾತ್ರ ತೂತು ಬಿಟ್ಟು ಸುತ್ತ ಕಸೂತಿ. ಲಗ್ನದಲ್ಲಿ ಕೂತ ಮದುಮಗಳ ಹಾಗೆ ಕಾಣುತ್ತಿತ್ತು.

ಗವಸು ತೆಗೆದು, ಎಂದಿನಂತೆ ಚೀಲದಿಂದ ಊದುಬತ್ತಿ ತೆಗೆದು ಹಚ್ಚಿ ಮಾಡದ ಬಾಯಿಗೆ ಹಿಡಿದೆ. ಹೊಗೆ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಅಲ್ಲೇ ಸುರುಳಿ ಸುರುಳಿಯಾಗಿ ಸುತ್ತಿತು.

ಹಿಂದೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ತಿರುಗಿದರೆ ಗಂಗವ್ವ ಕೈ ಮುಗಿದು ನಿಂತಿದ್ದಾರೆ.

"ನೋಡಿದ್ರಿಲ್ಲ ಬೀಗರ? ಹೊಗಿ ಸುದ್ದಾ ಹೊರಗ ಬರವಲ್ದು. ಒಳಗ ಏನೋ ಹಿಡಕೊಂಡ ಕುಂತೈತಿ. ಪಾಪ, ಈ ಅಕ್ಕಾರು ಬಾಯಿಬಿಟ್ಟ ಹೇಳವಲ್ರು, ಊದಬತ್ತಿ ತಂದಾರಂದ ಮ್ಯಾಲೆ ನಮಗ ತಿಳಿಯಂಗಿಲ್ಲೇನು?"

ನಾನು ಕಲ್ಲಾದೆ. ನನ್ನ ಕೈಯಲ್ಲಿದ್ದ ಕಡ್ಡಿ ನನಗೇ ಹಾವಿನ ಹಾಗೆ ಕಂಡಿತು. ಗಾಳಿ ನೋಡಲು ಹಚ್ಚಿದ್ದನ್ನು ಇವರು ದೆವ್ವ ನೋಡಲು ಹಚ್ಚಿದ್ದು ಎಂದುಕೊಂಡಿದ್ದಾರೆ. ಕಟ್ಟೆಯ ಮೇಲಿದ್ದ ಹೆಂಗಸರು ಒಳಗೇ ಬಂದರು. ನೀಲಾಳ ಅಪ್ಪ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. "ನಡಿಯವ್ವಾ" ಎಂದರು, ಅಷ್ಟೇ. ನೀಲಾ ನನ್ನನ್ನೇ ನೋಡಿದಳು. ಅಳಲಿಲ್ಲ. ಒಂದು ಮಾತಿಗಾಗಿ ಕಾಯುತ್ತಿದ್ದಳು. ಆ ಮಾತು ನನ್ನಿಂದ ಹೊರಡಲಿಲ್ಲ.

ಏನಾದರೂ ಮಾಡಬೇಕೆಂದು ಸೆಟ್ಟನ್ನು ಹೊರಗೆಳೆಯಲು ಹಿಂದೆ ಕೈ ಹಾಕಿದೆ. ಮಾಡದ ಹಿಂಬದಿಯ ಕಲ್ಲಿಗೆ ಕೈ ತಾಗಿ ಚುರ್ ಎಂದಿತು. "ಅಯ್ಯವ್ವಾ!" ಎಂದು ಕೂಗಿದೆ. "ಹೊಡೀತು, ಆಕಿನ್ನೂ ಹೊಡೀತು!" ಎಂದು ಹೆಂಗಸರು ಹಿಂದಕ್ಕೆ ಸರಿದರು.

ಸೆಟ್ಟು ಇನ್ನೂ ಹಚ್ಚೇ ಇರಲಿಲ್ಲ. ಹಾಗಾದರೆ ಕಲ್ಲು ಯಾಕೆ ಕಾಯಬೇಕು? ಮಾಡ ಕೊರೆದಲ್ಲಿ ಗೋಡೆ ಮೊಳದಗಲ ಇರುವುದಿಲ್ಲ, ಹಿಂದೆ ಒಂದೇ ಹಾಸುಗಲ್ಲು ಉಳಿದಿರುತ್ತದೆ ಎಂಬುದು ಆಗ ಹೊಳೆಯಿತು. ಹೇಳಲು ಹೋದರೆ ತೊದಲುತ್ತಿದ್ದೆ. ಗಂಗವ್ವನ ಮುಂಗೈ ಹಿಡಿದು ಎಳೆದು ಅವರ ಅಂಗೈಯನ್ನು ಆ ಕಲ್ಲಿಗೆ ಹಚ್ಚಿದೆ. ಅವರೂ ಕಿರುಚಿದರು.

"ಈ ಗ್ವಾಡಿ ಆಚಿ ಕಡೆ ಏನೈತ್ರಿ?"

"ಬಚ್ಚಲಾ."

"ಅಲ್ಲೇನೈತಿ?"

"ನೀರ ಕಾಸೂ ಒಲಿ. ಬಸು ಕಲ್ಲಿನ ಧೂಳ ಬಡಕೊಂಡ ಬರ್ತಾನಲ್ಲ, ಸಂಜಿಕ ಜಳಕಕ್ಕ..."

ಎಲ್ಲರೂ ಬಚ್ಚಲಿಗೆ ಹೋದೆವು. ಗೋಡೆಗೆ ಒತ್ತಿ ಹೂಡಿದ ಒಲೆ, ಮೇಲೆ ತಾಮ್ರದ ಹಂಡೆ. ಉರಿ ಧಗಧಗ ಎನ್ನುತ್ತ ಆ ಹಾಸುಗಲ್ಲನ್ನೇ ನೆಕ್ಕುತ್ತಿತ್ತು.

"ದಿನಾ ಸಂಜಿಕ ಒಲಿ ಹಚ್ಚಾವ್ರು ಯಾರ್ರಿ?"

ಗಂಗವ್ವ ಸುಟ್ಟ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ನಾನ" ಎಂದರು.

ಸೆಟ್ಟನ್ನು ಮಾಡದಿಂದ ತೆಗೆದು ಎದುರು ಗೋಡೆಯ ಹಲಗೆಯ ಮೇಲೆ, ಗವಸಿಲ್ಲದೆ, ಬೆನ್ನಿಗೆ ಜಾಗ ಬಿಟ್ಟು ಇಟ್ಟೆ. ನೀಲಾಳಿಗೆ ಹಚ್ಚಲು ಹೇಳಿದೆ. ಅವಳು ಬಂದು ಗುಂಡಿ ಒತ್ತಿದಳು. ಒಂದು ಹಾಡು ಮುಗಿಯಿತು. ಎರಡನೆಯದು, ಮೂರನೆಯದು. ಆಚೆ ಒಲೆ ಉರಿಯುತ್ತಲೇ ಇತ್ತು. ಅಷ್ಟರಲ್ಲಿ ಕೆಲಸದಿಂದ ಬಂದ ಬಸು ಬಾಗಿಲಲ್ಲೇ ನಿಂತು ಎಲ್ಲ ಕೇಳಿ ನಕ್ಕುಬಿಟ್ಟ.

"ನಾ ಹೇಳಿದ್ದಿಲ್ಲ? ಆಕೀದೇನೂ ತಪ್ಪಿಲ್ಲಂತ?"

"ಯಾವಾಗ ಹೇಳಿದ್ರಿ?" ನೀಲಾ ಕೇಳಿದಳು. ಆ ಮನೆಯಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು.

ಬಸು ತಲೆ ತಗ್ಗಿಸಿದ. ಎಲ್ಲ ಮುಗಿಯಿತು, ಇನ್ನು ಚಹಾ ಕುಡಿದು ಬಸ್ಸು ಹಿಡಿಯುವುದೆಂದು ನಾನು ಚೀಲ ಕಟ್ಟುತ್ತಿದ್ದೆ. ನೀಲಾ ಅಪ್ಪನ ಹೆಗಲಿನಿಂದ ಬಟ್ಟೆಯ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

"ಎಲ್ಲಿಗೆ?" ಗಂಗವ್ವ ಗಾಬರಿಯಾದರು. "ಗೊತ್ತಾತಲ್ಲವ್ವಾ, ಗ್ವಾಡಿ ಕಾದಿತ್ತು."

"ಗ್ವಾಡಿ ಕಾದಿದ್ದು ಇವತ್ತ ಗೊತ್ತಾತ್ರಿ ಅತ್ತಿ. ನಾಳಿ ಎಮ್ಮಿ ಹಾಲ ಕೊಡಲಿಲ್ಲಂದ್ರ ಯಾರನ್ನ ಕರಸ್ತೀರಿ?"

ಅಪ್ಪ ಮಗಳು ಓಣಿ ದಾಟಿ ಹೋದರು. ಸೆಟ್ಟು ಹಾಡುತ್ತಲೇ ಇತ್ತು. ಅದನ್ನು ಬಂದ್ ಮಾಡಲು ಯಾರಿಗೂ ಕೈ ಬರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಗಂಗವ್ವ ಬೇವೂರಿಗೆ ತಾವೇ ಹೋಗಿ ಕರೆದರಂತೆ. ಇದನ್ನು ನನ್ನ ಅಣ್ಣನ ಹೆಂಡತಿ ಹೇಳಿದಳು. ನೀಲಾ ಒಂದೇ ಮಾತು ಕೇಳಿದಳಂತೆ: "ಯಾವ ಓಣಿ ಮುಂದ ಅಂದಿದ್ರೋ ಆ ಓಣಿ ಮುಂದ ಹೇಳ್ರಿ." ಗಂಗವ್ವ ಅವಳನ್ನು ಕರೆತಂದು, ತಮ್ಮ ಕಟ್ಟೆಯ ಮೇಲೆ ನಿಂತು, ಒಲೆ ತನ್ನದು, ತಪ್ಪು ತನ್ನದು ಎಂದು ಹೇಳಿದರಂತೆ. ದೊಡ್ಡ ಮಾತೇ. ನೀಲಾ ಈಗ ಅದೇ ಮನೆಯಲ್ಲಿದ್ದಾಳೆ, ಅವಳಿಗೊಬ್ಬ ಮಗಳಿದ್ದಾಳೆ. ಒಲೆಯನ್ನು ಬೇರೆ ಮೂಲೆಗೆ ಹೂಡಿದ್ದಾರೆ.

ನಾನು ಊದುಬತ್ತಿ ಬಿಟ್ಟೆ. ರೇಷ್ಮೆಯ ಒಂದು ಎಳೆಯನ್ನು ಕಡ್ಡಿಗೆ ಕಟ್ಟಿಕೊಂಡು ಅದನ್ನು ಹಿಡಿಯತೊಡಗಿದೆ. ಗಾಳಿ ಬಂದರೆ ಎಳೆ ಅಲುಗುತ್ತದೆ, ಇಲ್ಲದಿದ್ದರೆ ಜೋತು ಬೀಳುತ್ತದೆ. ನೋಡುವವರಿಗೆ ಬೇರೆ ಅರ್ಥ ಹೊಳೆಯುವುದಿಲ್ಲ. ಯಾವ ಮನೆಗೆ ಹೋದರೂ, ಸೆಟ್ಟಿಗೆ ಕೈ ಹಚ್ಚುವ ಮುಂಚೆ, ಏನು ಮಾಡುತ್ತೇನೆಂದು ಬಾಯಿಬಿಟ್ಟು ಹೇಳುವುದನ್ನೂ ರೂಢಿ ಮಾಡಿಕೊಂಡೆ. ನನ್ನಂಥ ನಾಚಿಕೆಯವಳಿಗೆ ಬೆಸುಗೆಗಿಂತ ಅದೇ ಕಠಿಣವಾಗಿತ್ತು. ನೀವು ಗೋಡೆಯ ಆಚೆ ಏನಿದೆ ಎಂದು ಕೇಳಿ, ಎದ್ದು ಹೋಗಿ ನೋಡಿ. ಗೋಡೆಯ ಈಚೆ ಯಾರ ಮೇಲೆ ತಪ್ಪು ಹೊರಿಸಿದ್ದಾರೆ ಎಂದೂ ಕೇಳಿ.

ಇದು ಇಲ್ಲಿಗೆ ಮುಗಿಯಿತೆಂದೇ ನಾನು ತಿಳಿದಿದ್ದೆ. ನಾನು ಕೆಲಸ ಬಿಡುವ ವರ್ಷ ಹುನಗುಂದದ ಕಡೆಯ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಯಾವ ಸೆಟ್ಟು ಬೇಕೆಂದು ಕೇಳಿದರೆ, ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು.

"ಸೆಟ್ಟ ಬ್ಯಾಡ್ರಿ. ಗಂಗವ್ವನ ಮನ್ಯಾಗ ಸೊಸಿಗೆ ಹತ್ತಿದ್ದನ್ನ ಊದಬತ್ತಿ ಹಿಡದ ಬಿಡಿಸಿದಾವ್ರು ನೀವ ಅಲ್ರಿ? ನಮ್ಮ ಸೊಸಿನ್ನೂ ಒಮ್ಮಿ ನೋಡ್ರಿ."

ಗಂಗವ್ವ ಅಷ್ಟೆಲ್ಲ ಹೇಳಿದರೂ ಓಣಿಯವರು ಹೊಗೆಯನ್ನೇ ನೆನಪಿಟ್ಟುಕೊಂಡಿದ್ದರು.

"ಹಂಗೇನೂ ಇರಲಿಲ್ಲವ್ವಾ. ಹಿಂದ ಒಲಿ ಇತ್ತು, ಗ್ವಾಡಿ ಕಾದಿತ್ತು."

ಅವಳು ನಕ್ಕಳು. "ಬಲ್ಲಾವ್ರು ಹಂಗ ಹೇಳ್ತೀರಿ. ಗುಟ್ಟ ಬಿಟ್ಟಕೊಡಂಗಿಲ್ಲ."

ಮಕ್ಕಳೇ, ನನ್ನ ಬಾಯಿಯ ಮಾತನ್ನು ಅವಳು ನಂಬಲಿಲ್ಲ. ನಾನು ಹೋದ ಮೇಲೆ ಆ ಕಥೆಗೆ ಇನ್ನಷ್ಟು ಕೋಡು ಮೂಡುತ್ತವೆ. ನೀಲಾಳ ಮಗಳು ದೊಡ್ಡವಳಾಗುತ್ತಿದ್ದಾಳೆ. ನಾಳೆ ಅವಳಿಗೆ ಗಂಡು ಬಂದಾಗ, ನಿನ್ನ ತಾಯಿಗೆ ಏನೋ ಹತ್ತಿತ್ತಂತೆ ಎಂದು ಯಾರಾದರೂ ಅಂದರೆ, ಅಂದು ಕಲ್ಲು ಮುಟ್ಟಿ ಕೈ ಸುಟ್ಟುಕೊಂಡವಳು ಬರೆದದ್ದು ಒಂದಾದರೂ ಇರಬೇಕು. ಈ ಹಾಳೆಗಳನ್ನು ಕಳೆಯಬೇಡಿ. ಆ ಹುಡುಗಿ ಕೇಳಿಕೊಂಡು ಬಂದರೆ ಅವಳ ಕೈಗೆ ಕೊಡಿ. ಬರಲಿಲ್ಲವೆಂದರೆ ನೀವೇ ಒಂದು ಸಂಜೆ ಹುನಗುಂದಕ್ಕೆ ಹೋಗಿ, ಆ ಕಟ್ಟೆಯ ಮೇಲೆ ಕೂತವರಿಗೆ ಕೇಳುವ ಹಾಗೆ ಓದಿ ಬನ್ನಿ.